ಪಶುಶುಶ್ರೂಷೆಯ ಶಿಕ್ಷಣವೂ ಊರ ಹಿರಿಯರ ಹೊಣೆಯೂ

ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ಸೀಮೆಯ ಒಕ್ಕಲುತನವು ಕೃಷ್ಣಾ ಘಟಪ್ರಭಾ ನದಿಗಳ ನೀರನ್ನೂ ಎರೆಭೂಮಿಯ ಸಾರವನ್ನೂ ಎಷ್ಟರಮಟ್ಟಿಗೆ ಅವಲಂಬಿಸಿರುವುದೋ ಅಷ್ಟೇ ಮಟ್ಟಿಗೆ ದನಕರುಗಳ ಆರೋಗ್ಯವನ್ನೂ ಅವಲಂಬಿಸಿರುವುದು. ಉಳುಮೆಗೆ ಯಂತ್ರಗಳು ಬಂದಿರುವುದು ನಿಜ. ಆದರೂ ಕಬ್ಬಿನ ಸುಗ್ಗಿಯಲ್ಲಿ ಗಾಡಿಗೆ ಹೂಡುವ ಎತ್ತು, ಸಣ್ಣ ಹಿಡುವಳಿದಾರನ ಮನೆಗೆ ವಾರದ ಖರ್ಚನ್ನು ಒದಗಿಸುವ ಎಮ್ಮೆ, ಹೊಲಕ್ಕೆ ಗೊಬ್ಬರ ಕೊಡುವ ಕೊಟ್ಟಿಗೆ, ಗುಡ್ಡದ ಬದಿಗೆ ಮೇಯುವ ಕುರಿಯ ಹಿಂಡು, ಇವು ಒಂದೂ ಇಲ್ಲದ ಗ್ರಾಮವು ಈ ಸೀಮೆಯಲ್ಲಿ ದೊರೆಯುವುದು ಕಷ್ಟ. ಕಾರಹುಣ್ಣಿಮೆಯ ದಿನ ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಊರೆಲ್ಲ ಕೂಡಿ ಕರಿ ಹರಿಯುವ ಪದ್ಧತಿಯು ಇಲ್ಲಿ ಇಂದಿಗೂ ನಡೆದು ಬಂದಿರುವುದು. ಆದರೆ ಅದೇ ಎತ್ತು ಮತ್ತೊಂದು ದಿನ ಮೇವು ಬಿಟ್ಟು ಮಲಗಿದಾಗ, ಅದರ ಬಳಿಯಲ್ಲಿ ನಿಂತು ತಿಳಿವಳಿಕೆಯಿಂದ ಉಪಚಾರ ಮಾಡಬಲ್ಲವರು ಊರಿನಲ್ಲಿ ಯಾರಿರುವರೆಂಬುದೇ ಪ್ರಶ್ನೆ. ಈ ಪ್ರಶ್ನೆಗೆ ಉತ್ತರ ಕೊಡತಕ್ಕವರು ಊರ ಹಿರಿಯರೂ ಭೂಮಾಲಿಕರೂ ಆಗಿರುವರು.

ಚಿಕಿತ್ಸೆಯೆಂದರೆ ವೈದ್ಯರು ಬಂದು ಒಂದು ಚುಚ್ಚುಮದ್ದು ಕೊಟ್ಟು ಹೋಗುವುದೆಂದೇ ಬಹುಜನರ ಭಾವನೆಯು. ಇದು ಅರ್ಧ ಸತ್ಯವಷ್ಟೆ. ಈದ ಒಂದೆರಡು ದಿನಗಳಲ್ಲಿ ಹೆಚ್ಚು ಹಾಲಿನ ಆಕಳು ಹಾಲುಜ್ವರದಿಂದ ನೆಲಹಿಡಿದರೆ, ವೈದ್ಯರು ರಕ್ತನಾಳದಲ್ಲಿ ಸುಣ್ಣದ ಸತ್ವವನ್ನು ನಿಧಾನವಾಗಿ ಏರಿಸಿ ಅದರ ಪ್ರಾಣವನ್ನು ಉಳಿಸುವರು. ಆದರೆ ಕೆಲವು ಆಕಳುಗಳು ಅದಾದ ಮೇಲೂ ಕೂಡಲೇ ಏಳಲಾರವು. ಅಂತಹದನ್ನು ದಪ್ಪ ಹುಲ್ಲಿನ ಹಾಸಿಗೆಯ ಮೇಲೆ ಎದೆ ಊರಿ ಕುಳಿತುಕೊಳ್ಳುವಂತೆ ಒರಗಿಸಿ, ಕೆಲವು ಗಂಟೆಗಳಿಗೊಮ್ಮೆ ಮಗ್ಗುಲು ಬದಲಿಸಿ, ಮೇವು ನೀರು ಬಾಯಿಗೆ ಎಟಕುವಂತೆ ಇರಿಸಿ, ಮೊದಲ ದಿನಗಳಲ್ಲಿ ಕೆಚ್ಚಲನ್ನು ಪೂರ್ಣವಾಗಿ ಬರಿದು ಮಾಡದೆ ಕಾಯಬೇಕಾಗುವುದು. ಹೀಗೆ ಮಾಡದಿದ್ದರೆ ಕಾಲಿನ ಸ್ನಾಯುಗಳು ದೇಹದ ಭಾರಕ್ಕೆ ನಜ್ಜಾಗಿ, ರೋಗದಿಂದ ಉಳಿದ ಆಕಳು ಶುಶ್ರೂಷೆಯ ಅಭಾವದಿಂದ ಸಾಯುವುದು. ಗಾಡಿಯ ನೊಗ ತಿಕ್ಕಿ ಹೆಗಲು ಹುಣ್ಣಾದ ಎತ್ತಿನ ಮಾತೂ ಇದೇ. ಹುಣ್ಣನ್ನು ದಿನವೂ ತೊಳೆದು, ನೊಣ ಕೂರದಂತೆ ಔಷಧ ಹಚ್ಚಿ, ಮಾಯುವ ತನಕ ನೊಗ ಹೊರಿಸದೆ ಬಿಡಬೇಕೆಂದು ಹೇಳಿ ಅದನ್ನು ನಡೆಯಿಸುವವರು ಬೇಕು. 2022ರಲ್ಲಿ ಚರ್ಮಗಂಟು ರೋಗವು ಕರ್ನಾಟಕದಲ್ಲಿ ವ್ಯಾಪಕವಾಗಿ ಹಬ್ಬಿ ಜಾನುವಾರು ಸಂತೆಗಳನ್ನೇ ನಿಲ್ಲಿಸಬೇಕಾಗಿ ಬಂದಾಗ, ಆ ರೋಗದ ವಿಷಾಣುವನ್ನು ಕೊಲ್ಲುವ ಮದ್ದು ಯಾವುದೂ ಇರಲಿಲ್ಲ. ರೋಗಿ ದನವನ್ನು ಬೇರೆ ಕಟ್ಟುವುದು, ಒಡೆದ ಗಂಟುಗಳಲ್ಲಿ ಹುಳು ಬೀಳದಂತೆ ಕಾಯುವುದು, ನೊಣ ಸೊಳ್ಳೆ ಉಣ್ಣೆಗಳನ್ನು ತಡೆಯುವುದು, ಬಾಯಿ ಹುಣ್ಣಾದುದಕ್ಕೆ ಮೆತ್ತಗಿನ ಮೇವನ್ನು ತಿನ್ನಿಸುವುದು, ಜ್ವರಕ್ಕೂ ಹುಣ್ಣಿನ ಕೀವಿಗೂ ವೈದ್ಯರು ಹೇಳಿದ ಔಷಧವನ್ನು ಹೊತ್ತಿಗೆ ಸರಿಯಾಗಿ ಕೊಡುವುದು, ಇಷ್ಟೇ ಉಪಾಯವಾಗಿತ್ತು. ಇವುಗಳಲ್ಲಿ ಬಹುಪಾಲು ಶುಶ್ರೂಷೆಯ ಕೆಲಸವಲ್ಲದೆ ಬೇರೆಯಲ್ಲ.

ಮನುಷ್ಯರ ಆಸ್ಪತ್ರೆಯಲ್ಲಿ ವೈದ್ಯರಿಗೂ ದಾದಿಯರಿಗೂ ಕೆಲಸವು ಹಂಚಿಕೆಯಾಗಿರುವುದನ್ನು ಯಾವತ್ತೂ ಜನರು ಬಲ್ಲರು. ಪಶುಗಳ ವಿಷಯದಲ್ಲಿಯೂ ಅದೇ ಹಂಚಿಕೆ ಅವಶ್ಯವೆಂಬುದನ್ನು ಇತರ ದೇಶಗಳು ಮನಗಂಡಿರುವುವು. ಇಂಗ್ಲೆಂಡಿನಲ್ಲಿ ಪಶುವೈದ್ಯರ ರಾಜಮಾನ್ಯ ಸಂಸ್ಥೆಯು 1961ರಲ್ಲಿ ಪ್ರಾಣಿಗಳ ಶುಶ್ರೂಷಾ ಸಹಾಯಕರಿಗೆ ತರಬೇತಿ, ಪರೀಕ್ಷೆ, ನೋಂದಣಿಗಳನ್ನು ಗೊತ್ತುಮಾಡಿತು; 1984ರಲ್ಲಿ ಅವರಿಗೆ ಪಶುಶುಶ್ರೂಷಕರೆಂಬ ಹೆಸರೇ ಅಧಿಕೃತವಾಗಿ ದೊರೆಯಿತು. ಭಾರತದಲ್ಲಿ ಆ ಹೆಸರು ರೂಢಿಯಲ್ಲಿಲ್ಲದಿದ್ದರೂ ಆ ಕೆಲಸವಿರುವುದು. ಪಶು ಆಸ್ಪತ್ರೆಗಳಲ್ಲಿ ಪಶುವೈದ್ಯಕೀಯ ಪರೀಕ್ಷಕರೆಂದೂ ಜಾನುವಾರು ಅಧಿಕಾರಿಗಳೆಂದೂ ಕರೆಯಲ್ಪಡುವವರು ಮಾಡುತ್ತ ಬಂದಿರುವುದು ಬಹುಮಟ್ಟಿಗೆ ಇದೇ ಕಾರ್ಯವನ್ನು.

ಈ ಕೆಲಸದ ಮೇರೆಯನ್ನು ಕಾನೂನು ಸ್ಪಷ್ಟವಾಗಿ ಗೊತ್ತುಪಡಿಸಿರುವುದು. 1984ರ ಭಾರತೀಯ ಪಶುವೈದ್ಯ ಪರಿಷತ್ತಿನ ಅಧಿನಿಯಮದ 30ನೆಯ ಪ್ರಕರಣದ ಮೇರೆಗೆ, ನೋಂದಾಯಿತ ಪಶುವೈದ್ಯರ ಹೊರತು ಅನ್ಯರು ಪಶುವೈದ್ಯ ವೃತ್ತಿಯನ್ನು ನಡೆಯಿಸಕೂಡದು. ಆದರೆ ಡಿಪ್ಲೊಮಾ ಅಥವಾ ಪ್ರಮಾಣಪತ್ರವನ್ನು ಪಡೆದ ಸಹಾಯಕರಿಗೆ, ನೋಂದಾಯಿತ ವೈದ್ಯರ ಮೇಲ್ವಿಚಾರಣೆ ಹಾಗೂ ನಿರ್ದೇಶನಗಳಿಗೆ ಒಳಪಟ್ಟು, ಸಣ್ಣಪುಟ್ಟ ಪಶುವೈದ್ಯ ಸೇವೆಗಳನ್ನು ಮಾಡಲು ರಾಜ್ಯ ಸರಕಾರವು ಅಪ್ಪಣೆ ಕೊಡಬಹುದು. ಲಸಿಕೆ ಹಾಕುವುದು, ಬೀಜ ಒಡೆಯುವುದು, ಗಾಯಗಳಿಗೆ ಪಟ್ಟಿ ಕಟ್ಟುವುದು ಮುಂತಾದ ಪ್ರಥಮೋಪಚಾರಗಳು ಈ ಸೇವೆಗಳಲ್ಲಿ ಸೇರಿರುವುವು. ಅಂದರೆ ರೋಗವನ್ನು ನಿರ್ಣಯಿಸಿ ಔಷಧವನ್ನು ಗೊತ್ತುಮಾಡುವುದು ವೈದ್ಯರ ಅಧಿಕಾರವು. ಆ ನಿರ್ಣಯವನ್ನು ಕೊಟ್ಟಿಗೆಯಲ್ಲಿ ನಡೆಯಿಸಿ ತೋರಿಸುವುದು ಶುಶ್ರೂಷಕರ ಧರ್ಮವು. ಇವೆರಡರ ನಡುವಣ ಗೆರೆಯನ್ನು ಅರಿಯುವುದೇ ಈ ಶಿಕ್ಷಣದ ಮೊದಲನೆಯ ಪಾಠವೆನ್ನಬಹುದು.

ಇಂತಹ ಸಾಮಾನ್ಯ ಕೆಲಸಗಾರರಿಂದ ಎಷ್ಟು ದೊಡ್ಡ ಕಾರ್ಯವು ಸಾಧ್ಯವೆಂಬುದಕ್ಕೆ ದೊಡ್ಡರೋಗದ ಇತಿಹಾಸವೇ ಸಾಕ್ಷಿ. ಈ ಒಂದು ಬೇನೆಯಿಂದ ಹಿಂದೆ ಊರೂರುಗಳ ಕೊಟ್ಟಿಗೆಗಳು ಬರಿದಾಗುತ್ತಿದ್ದುದನ್ನು ಹಳೆಯ ತಲೆಮಾರಿನವರಿಂದ ಕೇಳಿದವರು ಇನ್ನೂ ಇರುವರು. 1920ರ ದಶಕದಲ್ಲಿ ಮುಕ್ತೇಶ್ವರದ ಸಂಶೋಧನಾಲಯದಲ್ಲಿ ಎಡ್ವರ್ಡ್ಸ್ ಎಂಬ ವಿಜ್ಞಾನಿಯು ಆಡುಗಳ ಮೈಯಲ್ಲಿ ವಿಷಾಣುವನ್ನು ಬೆಳೆಯಿಸಿ ಲಸಿಕೆಯನ್ನು ಸಿದ್ಧಪಡಿಸಿದರು. 1954ರಲ್ಲಿ ದೇಶದಾದ್ಯಂತ ನಿರ್ಮೂಲನ ಕಾರ್ಯವು ಆರಂಭವಾಯಿತು. 1995ರಲ್ಲಿ ಭಾರತದ ಕಡೆಯ ಪ್ರಕರಣವು ಕಾಣಿಸಿಕೊಂಡಿತು. 2011ರಲ್ಲಿ ಲೋಕವೇ ಈ ರೋಗದಿಂದ ಮುಕ್ತವಾಯಿತೆಂದು ಸಾರಲಾಯಿತು. ಮನುಷ್ಯರ ಸಿಡುಬಿನ ತರುವಾಯ ಭೂಮಿಯಿಂದ ತೊಲಗಿದ ಎರಡನೆಯ ರೋಗವಿದು. ಲಸಿಕೆಯನ್ನು ಕಂಡುಹಿಡಿದ ಕೀರ್ತಿಯು ಪಂಡಿತರದು, ಸಂಶಯವಿಲ್ಲ. ಆದರೆ ಅದನ್ನು ತಂಪಿನಲ್ಲಿಟ್ಟು ಹಳ್ಳಿಹಳ್ಳಿಗೆ ಹೊತ್ತು, ಒಂದೊಂದು ದನವನ್ನೂ ಹಿಡಿದು ಚುಚ್ಚಿದ ಕೈಗಳಲ್ಲಿ ವೈದ್ಯರೊಡನೆ ಅವರ ಸಹಾಯಕರ ಕೈಗಳೂ ಇದ್ದುವೆಂಬುದನ್ನು ಮರೆಯಲಾಗದು.

ಈಗಲೂ ಅಂತಹ ಕೆಲಸವು ಮುಗಿದಿಲ್ಲ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದ ಮೇರೆಗೆ ಕಾಲುಬಾಯಿ ಬೇನೆಗೆ ಆರು ತಿಂಗಳಿಗೊಮ್ಮೆ ಲಸಿಕೆ ಹಾಕತಕ್ಕದ್ದಾಗಿದೆ. ಕಂದು ರೋಗಕ್ಕೆ 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಜೀವಮಾನದಲ್ಲಿ ಒಂದೇ ಸಲ ಹಾಕತಕ್ಕದ್ದಾಗಿದೆ. ಲಸಿಕೆಯು ತಯಾರಾದ ಸ್ಥಳದಿಂದ ದನದ ಮೈಗೆ ಸೇರುವ ತನಕ 2ರಿಂದ 8 ಡಿಗ್ರಿ ಉಷ್ಣಮಾನದಲ್ಲಿಯೇ ಇರಬೇಕು. ಬೇಸಗೆಯ ಬಿಸಿಲಿನಲ್ಲಿ ಅರ್ಧ ದಿನ ಮೋಟಾರು ಸೈಕಲ್ಲಿನ ಚೀಲದಲ್ಲಿ ಬಿದ್ದ ಲಸಿಕೆಯು ಬರಿಯ ನೀರಿಗೆ ಸಮಾನವು. ಊರಿನವರು ತಮ್ಮ ದನಗಳಿಗೆ ಲಸಿಕೆಯಾಗಿದೆಯೆಂದು ನಂಬಿ ಕುಳಿತಿರುವರು, ರೋಗವು ಬಂದೇ ಬರುವುದು. ಆಗ ಲಸಿಕೆಯನ್ನು ದೂರುವರೇ ಹೊರತು ಅದನ್ನು ಕಾಯ್ದಿಡಲರಿಯದ ಕೈಯನ್ನು ದೂರುವವರಿಲ್ಲ. ಕೃತಕ ಗರ್ಭಧಾರಣೆಯಲ್ಲಿಯೂ ಹೀಗೆಯೇ. ಶೂನ್ಯದ ಕೆಳಗೆ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇರಿಸಿದ ವೀರ್ಯದ ಕಡ್ಡಿಯನ್ನು ಹೊರತೆಗೆದು, ಹದವಾದ ಬಿಸಿನೀರಿನಲ್ಲಿ ಕರಗಿಸಿ, ತಡಮಾಡದೆ ಬಳಸಬೇಕು. ಬೆಳಗ್ಗೆ ಬೆದೆ ಕಂಡ ಆಕಳಿಗೆ ಅದೇ ಸಂಜೆ, ಸಂಜೆ ಕಂಡುದಕ್ಕೆ ಮರುದಿನ ಬೆಳಗ್ಗೆ ಗರ್ಭಧಾರಣೆ ಮಾಡಿಸಬೇಕು. ಒಂದು ಬೆದೆ ತಪ್ಪಿದರೆ ಸುಮಾರು 21 ದಿನಗಳ ಮೇವು ವ್ಯರ್ಥವಾಗುವುದೆಂಬ ಲೆಕ್ಕವನ್ನು ಭೂಮಾಲಿಕರಿಗೆ ಬೇರೆ ಹೇಳಬೇಕಾಗಿಲ್ಲ.

ಈ ವಿದ್ಯೆಯನ್ನು ಕಲಿಯುವ ದಾರಿಯು ಇರುವುದು. ಬೀದರಿನಲ್ಲಿ ಕೇಂದ್ರವನ್ನುಳ್ಳ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಅಧೀನದಲ್ಲಿ ಪಶುಸಂಗೋಪನಾ ಪಾಲಿಟೆಕ್ನಿಕ್ ಶಾಲೆಗಳು ನಡೆಯುತ್ತಿರುವುವು. ತಿಪಟೂರು ತಾಲೂಕಿನ ಕೋನೇಹಳ್ಳಿ, ಯಾದಗಿರಿ ಜಿಲ್ಲೆಯ ದೋರನಹಳ್ಳಿ ಮುಂತಾದ ಸ್ಥಳಗಳಲ್ಲಿ ಅವು ಇರುವುವು. ಎಸ್.ಎಸ್.ಎಲ್.ಸಿ. ಮುಗಿಸಿದ ಹುಡುಗರೂ ಹುಡುಗಿಯರೂ ಅಲ್ಲಿ ಎರಡು ವರ್ಷಗಳ ಡಿಪ್ಲೊಮಾ ಶಿಕ್ಷಣವನ್ನು ಪಡೆಯಬಹುದು. ಈ ಶಿಕ್ಷಣವನ್ನು ಪುಸ್ತಕದ ಓದೆಂದು ಎಣಿಸಬಾರದು. ದನವನ್ನು ಬೆದರಿಸದೆ ಹಿಡಿಯುವುದು, ಕೆಡವಿ ಕಟ್ಟುವುದು, ಗುದದಲ್ಲಿ ಉಷ್ಣಮಾಪಕವನ್ನಿಟ್ಟು ಜ್ವರ ನೋಡುವುದು, ನಾಡಿಯನ್ನೂ ಉಸಿರನ್ನೂ ಹೊಟ್ಟೆಯ ಅಲುಗಾಟವನ್ನೂ ಎಣಿಸಿ ಬರೆದಿಡುವುದು, ಶ್ವಾಸನಾಳಕ್ಕೆ ಹೋಗದಂತೆ ಔಷಧ ಕುಡಿಸುವುದು, ಸೂಜಿಯನ್ನೂ ಶಸ್ತ್ರಗಳನ್ನೂ ಕುದಿಸಿ ಶುದ್ಧಿಗೊಳಿಸುವುದು, ಸಗಣಿ ಹಾಲು ರಕ್ತಗಳ ಮಾದರಿಯನ್ನು ಕೆಡದಂತೆ ಪ್ರಯೋಗಾಲಯಕ್ಕೆ ಕಳುಹುವುದು, ಇವೆಲ್ಲವೂ ಕೈಗೆ ಹತ್ತಬೇಕಾದ ವಿದ್ಯೆಗಳು. ಆಕಳ ಸಹಜವಾದ ಮೈಬಿಸಿಯು ಸುಮಾರು 101.5 ಡಿಗ್ರಿ ಫ್ಯಾರನ್‌ಹೀಟ್ ಎಂಬುದನ್ನು ಅರಿತವನು ಮಾತ್ರ 104 ಡಿಗ್ರಿಯ ಜ್ವರವನ್ನು ಕಂಡು ವೈದ್ಯರಿಗೆ ಸುದ್ದಿ ಮುಟ್ಟಿಸುವನು. ಅರಿಯದವನು ಕಿವಿ ಮುಟ್ಟಿ ನೋಡಿ ಬಿಸಿಯಿದೆಯೆಂದೋ ಇಲ್ಲವೆಂದೋ ಹೇಳಿ ಒಂದು ದಿನವನ್ನು ಕಳೆಯುವನು. ಆ ಒಂದು ದಿನವೇ ಗಳಲೆ ರೋಗದಲ್ಲಿ ಜೀವ ಮರಣಗಳ ನಡುವಣ ಅಂತರವಾಗಿರುವುದು.

ಶುಶ್ರೂಷಕನು ತನ್ನ ಮೈಯನ್ನೂ ಯಜಮಾನನ ಮನೆಯವರನ್ನೂ ಕಾಯುವುದನ್ನು ಕಲಿತಿರುವನು. ಕಂದು ರೋಗದಿಂದ ಕರು ಹಾಕಿದ ಆಕಳ ಮಾಸನ್ನು ಬರಿಗೈಯಿಂದ ಎಳೆದವರಿಗೆ ಆ ರೋಗವು ಅಂಟಿ, ಮರಳಿ ಮರಳಿ ಬರುವ ಜ್ವರದಿಂದಲೂ ಕೀಲುನೋವಿನಿಂದಲೂ ತಿಂಗಳುಗಟ್ಟಲೆ ನರಳಿಸುವುದುಂಟು. ನೆರಡಿ ರೋಗದಿಂದ ಸತ್ತ ದನವನ್ನು ಕೊಯ್ದರೆ ರೋಗಬೀಜವು ಮಣ್ಣಿನಲ್ಲಿ ಬಹುವರ್ಷ ಉಳಿಯುವುದು. ಅಂತಹ ಹೆಣವನ್ನು ಕೊಯ್ಯದೆ ಆಳವಾಗಿ ಹೂಳತಕ್ಕದ್ದು ಇಲ್ಲವೆ ಸುಡತಕ್ಕದ್ದು. ಮಳೆ ಕೈಕೊಟ್ಟು ಬಾಡಿದ ಎಳೆಯ ಜೋಳದ ಪೈರಿನಲ್ಲಿ ವಿಷವಿರುವುದೆಂದೂ ಹಸಿದ ದನಗಳನ್ನು ಅದಕ್ಕೆ ಬಿಡಬಾರದೆಂದೂ ಎಚ್ಚರಿಸುವವನೂ ಅವನೇ. ಇಂತಹ ಒಂದು ಎಚ್ಚರಿಕೆಯು ಹೊತ್ತಿಗೆ ದೊರೆತರೆ ಒಂದು ಮನೆಯ ಜೋಡೆತ್ತು ಉಳಿಯುವುದು.

ಈ ಸೀಮೆಗೆ ಪಶುಸಂವರ್ಧನೆಯು ಹೊಸ ವಿಷಯವಲ್ಲ. ದಕ್ಷಿಣ ಮಹಾರಾಷ್ಟ್ರದ ಸಂಸ್ಥಾನಗಳ ಅರಸರ ಆಶ್ರಯದಲ್ಲಿ ಎರೆಭೂಮಿಯ ಭಾರವಾದ ಉಳುಮೆಗೆ ತಕ್ಕ ಕೃಷ್ಣಾ ಕಣಿವೆಯ ದನದ ತಳಿಯು ರೂಪುಗೊಂಡಿತು. ಮುಧೋಳದ ಅರಸರಾದ ಮಾಲೋಜಿರಾವ್ ಘೋರ್ಪಡೆಯವರು ಬೇಟೆನಾಯಿಯ ತಳಿಯನ್ನು ಆರೈಕೆ ಮಾಡಿ ಬೆಳೆಯಿಸಿದರು. ಆ ನಾಯಿಯ ಚಿತ್ರವು 2005ರಲ್ಲಿ ಭಾರತದ ಅಂಚೆಚೀಟಿಯ ಮೇಲೆ ಬಂದಿತು. ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿರುವುದು. ಸೈನ್ಯಕ್ಕೂ ಇಲ್ಲಿಯ ಮರಿಗಳು ಹೋಗಿರುವುವು. ಆದರೆ ಕೃಷ್ಣಾ ಕಣಿವೆಯ ದನಗಳ ಸಂಖ್ಯೆಯು ಇಳಿಯುತ್ತ ಬಂದು ಆ ತಳಿಯೇ ವಿರಳವಾಗಿದೆ. ತಳಿಯ ಕೀರ್ತಿಯು ಹೋರಿಯ ಮೈಕಟ್ಟಿನಿಂದ ಮಾತ್ರ ಉಳಿಯಲಾರದು. ಈಯುವ ಹೊತ್ತಿಗೆ ಬಳಿಯಲ್ಲಿದ್ದು, ಹುಟ್ಟಿದ ಕರುವಿನ ಮೂಗುಬಾಯಿಗಳನ್ನು ಒರೆಸಿ, ಹೊಕ್ಕುಳಿಗೆ ಅಯೋಡಿನ್ ಹಚ್ಚಿ, ಮೊದಲ ಒಂದೆರಡು ಗಂಟೆಗಳೊಳಗೆ ಗಿಣ್ಣುಹಾಲನ್ನು ಕುಡಿಸುವ ಕೈಗಳು ಇದ್ದಲ್ಲಿಯೇ ತಳಿಯು ಉಳಿಯುವುದು. ಅರಸರ ಕಾಲದಲ್ಲಿ ಸಂಸ್ಥಾನವು ವಹಿಸಿದ ಈ ಆರೈಕೆಯ ಹೊಣೆಯು ಈಗ ಊರಿನ ಪಾಲಿಗೆ ಬಂದಿರುವುದು.

ಇದಕ್ಕೆ ಮೂರು ಆಕ್ಷೇಪಣೆಗಳು ಕೇಳಬರುತ್ತವೆ. ಮೊದಲನೆಯದು, ಸಗಣಿ ಗಂಜಳಗಳಲ್ಲಿ ಕೈಯಾಡಿಸುವ ಕೆಲಸವು ಓದಿದ ಹುಡುಗನಿಗೆ ಹೀನವೆಂಬುದು. ದನದ ಹಾಲನ್ನುಂಡು ದನದ ದುಡಿಮೆಯಿಂದ ಮಹಡಿ ಕಟ್ಟಿಸಿದ ಮನೆತನಗಳು ಈ ಮಾತನ್ನಾಡುವುದು ತರವಲ್ಲ. ಎರಡನೆಯದು, ಡಿಪ್ಲೊಮಾ ಪಡೆದವರೆಲ್ಲರಿಗೂ ಸರಕಾರಿ ನೌಕರಿಯು ದೊರೆಯುವುದೆಂಬ ಭರವಸೆಯಿಲ್ಲವೆಂಬುದು. ಇದು ನಿಜವಾದ ಮಾತು. ಇದನ್ನು ಮುಚ್ಚಿಟ್ಟು ಹುಡುಗರನ್ನು ಕಳುಹಿಸುವುದು ನ್ಯಾಯವಲ್ಲ. ಆದರೆ ಇಲಾಖೆಯ ಹುದ್ದೆಯೊಂದೇ ದಾರಿಯಲ್ಲ. 1962 ಎಂಬ ದೂರವಾಣಿ ಸಂಖ್ಯೆಗೆ ಕರೆ ಮಾಡಿದರೆ ಮನೆಬಾಗಿಲಿಗೆ ಬರುವ ಸಂಚಾರಿ ಚಿಕಿತ್ಸಾ ವಾಹನದ ಯೋಜನೆಯಲ್ಲಿ ವೈದ್ಯರೊಡನೆ ಒಬ್ಬ ತರಬೇತಾದ ಸಹಾಯಕನಿಗೂ ಸ್ಥಾನವಿದೆ. ವಿಜಯಪುರ-ಬಾಗಲಕೋಟೆ ಹಾಲು ಒಕ್ಕೂಟದಂತಹ ಸಹಕಾರಿ ಸಂಸ್ಥೆಗಳು, ಹೈನು ಹಾಗೂ ಕೋಳಿಯ ಸಾಕಣೆಕೇಂದ್ರಗಳು, ಪಟ್ಟಣದ ಸಾಕುನಾಯಿಗಳ ಚಿಕಿತ್ಸಾಲಯಗಳು, ಇವೆಲ್ಲಕ್ಕೂ ಇಂತಹ ಕೈಗಳು ಬೇಕು. ಏನೂ ದೊರೆಯದಿದ್ದರೂ ತನ್ನ ಮನೆಯ ಹತ್ತು ಎಮ್ಮೆಗಳನ್ನು ತಿಳಿದು ಸಾಕುವವನು ಕಲಿತ ವಿದ್ಯೆಯನ್ನು ಕಳೆದುಕೊಂಡಂತಾಗಲಿಲ್ಲ.

ಮೂರನೆಯ ಆಕ್ಷೇಪಣೆಯು ಎಲ್ಲಕ್ಕೂ ಗುರುತರವಾದುದು. ಅರ್ಧ ಕಲಿತವನು ಊರಿಗೆ ಬಂದು ತಾನೇ ವೈದ್ಯನೆಂದು ಮೆರೆದು, ಸಿಕ್ಕಸಿಕ್ಕ ಔಷಧಗಳನ್ನು ಚುಚ್ಚುವನೆಂಬುದು ಅದು. ಈ ಭಯವು ನಿರಾಧಾರವಲ್ಲ. ಪ್ರತಿಜೀವಕ ಔಷಧಗಳನ್ನು ಅಳತೆ ಅವಧಿಗಳಿಲ್ಲದೆ ಕೊಟ್ಟರೆ ರೋಗಾಣುಗಳು ಅದಕ್ಕೆ ಬಗ್ಗದಂತಾಗುವುವು. ಔಷಧದ ಅಂಶವು ಹಾಲಿನೊಡನೆ ಮಕ್ಕಳ ಹೊಟ್ಟೆಯನ್ನು ಸೇರುವುದು. ಆದರೆ ಈ ಅನರ್ಥಕ್ಕೆ ಕಾರಣವು ಶಿಕ್ಷಣವಲ್ಲ. ಮೇರೆಯನ್ನು ಕಲಿತವನಿಗಿಂತ ಏನನ್ನೂ ಕಲಿಯದವನೇ ಹೆಚ್ಚಾಗಿ ಮೇರೆಯನ್ನು ಮೀರುವನು. ಮೇಲಾಗಿ, ಅವನನ್ನು ಮೇರೆ ಮೀರುವಂತೆ ಮಾಡುವವರು ಅನೇಕವೇಳೆ ದೊಡ್ಡ ಮನೆಯವರೇ ಆಗಿರುವರು. ವೈದ್ಯರು ಬರುವುದು ತಡವೆಂದು ಆತುರಪಟ್ಟು, ಖರ್ಚು ಉಳಿಯುವುದೆಂದು ಎಣಿಸಿ, ಸಹಾಯಕನನ್ನು ಕರೆದು ನೀನೇ ಒಂದು ಸೂಜಿ ಚುಚ್ಚಿಬಿಡೆಂದು ಒತ್ತಾಯಿಸಿದರೆ, ಊರಿನಲ್ಲಿ ಬಾಳಬೇಕಾದ ಬಡ ಹುಡುಗನು ಎಷ್ಟು ದಿನ ಇಲ್ಲವೆಂದಾನು? ಆದುದರಿಂದ ಅವನನ್ನು ನೇರ್ಪಾಗಿ ಇರಿಸುವ ಹೊಣೆಯು ಕಾನೂನಿಗಿಂತ ಮೊದಲು ಊರ ಹಿರಿಯರ ಮೇಲಿರುವುದು. ಇದು ತನ್ನ ಕೆಲಸವಲ್ಲ, ವೈದ್ಯರನ್ನು ಕರೆಯಿಸಬೇಕೆಂದು ಶುಶ್ರೂಷಕನು ಹೇಳಿದಾಗ ಆ ಮಾತಿಗೆ ಬೆಲೆ ಕೊಡುವ ಊರಿನಲ್ಲಿ ಮಾತ್ರ ಒಳ್ಳೆಯ ಶುಶ್ರೂಷಕನು ನಿಲ್ಲುವನು.

ಹೆಣ್ಣುಮಕ್ಕಳ ವಿಷಯವನ್ನೂ ಇಲ್ಲಿ ಹೇಳುವುದು ಅವಶ್ಯ. ಈ ಸೀಮೆಯ ಮನೆಗಳಲ್ಲಿ ಸಗಣಿ ಬಾಚುವವರು, ಮೇವು ಹಾಕುವವರು, ಹಾಲು ಹಿಂಡುವವರು ಬಹುಮಟ್ಟಿಗೆ ಹೆಂಗಸರೇ. ಹಾಲಿನಲ್ಲಿ ಒಂದು ಗರಣೆ ಕಂಡ ದಿನವೇ ಕೆಚ್ಚಲು ಬಾವಿನ ಸುಳಿವನ್ನು ಹಿಡಿಯುವವಳು ಆಕೆ. ಆಕಳು ಮೇವು ಬಿಟ್ಟಿತೆಂದು ಮೊದಲು ಅರಿಯುವವಳೂ ಆಕೆ. ಸ್ವಸಹಾಯ ಸಂಘಗಳ ಮೂಲಕ ಪಶುಸಖಿಯರನ್ನು ಗೊತ್ತುಮಾಡಿ ಪ್ರಾಥಮಿಕ ತರಬೇತಿ ಕೊಡುವ ಏರ್ಪಾಡು ಈಗ ಇರುವುದು. ಅದು ಒಳ್ಳೆಯ ಮೊದಲ ಮೆಟ್ಟಿಲು. ಆದರೆ ಅಷ್ಟಕ್ಕೇ ತೃಪ್ತಿಪಡದೆ, ಓದಿನಲ್ಲಿ ಮುಂದಿರುವ ಹುಡುಗಿಯರನ್ನು ಪೂರ್ಣ ಡಿಪ್ಲೊಮಾ ಶಿಕ್ಷಣಕ್ಕೆ ಕಳುಹಿಸಲು ಮನೆತನಗಳು ಹಿಂಜರಿಯಬಾರದು. ದನವನ್ನು ಕೆಡವಲು ಬಲ ಬೇಕೆಂಬ ನೆವವು ನಿಲ್ಲತಕ್ಕದ್ದಲ್ಲ. ಹಗ್ಗ ಹಾಕುವ ಕ್ರಮವನ್ನರಿತರೆ ಬಲಕ್ಕಿಂತ ಉಪಾಯವೇ ಹೆಚ್ಚಿನದಾಗುವುದು.

ಇನ್ನು ಊರ ಹಿರಿಯರು ಮಾಡತಕ್ಕದ್ದೇನು? ಮೊದಲನೆಯದಾಗಿ, ಪ್ರತಿ ಗ್ರಾಮವೂ ತನ್ನಲ್ಲಿ ದನಗಳ ಮೇಲೆ ಅಕ್ಕರೆಯುಳ್ಳ, ಎಸ್.ಎಸ್.ಎಲ್.ಸಿ. ಮುಗಿಸಿದ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಆರಿಸಿ ಈ ಶಿಕ್ಷಣಕ್ಕೆ ಕಳುಹಿಸಬೇಕು. ಕುರಿಗಾರನ ಮಗನಾಗಲಿ ಕೂಲಿಕಾರನ ಮಗಳಾಗಲಿ, ಬಡತನವು ಅಡ್ಡಿಯಾದಲ್ಲಿ ಹತ್ತು ಭೂಮಾಲಿಕರು ಕೂಡಿ ಎರಡು ವರ್ಷಗಳ ಊಟವಸತಿಯ ಖರ್ಚನ್ನು ವಹಿಸಿಕೊಳ್ಳುವುದು ಭಾರವಲ್ಲ. ಒಂದು ಜೋಡೆತ್ತು ಸತ್ತರೆ ಒಂದೇ ಮನೆಯು ಅದಕ್ಕಿಂತ ಹೆಚ್ಚು ಕಳೆದುಕೊಳ್ಳುವುದು. ಎರಡನೆಯದಾಗಿ, ಊರಿನಲ್ಲಿ ದನವನ್ನು ಅಪಾಯವಿಲ್ಲದೆ ನಿಲ್ಲಿಸುವ ಒಂದು ಟ್ರೆವಿಸ್, ನೆರಳು, ನೀರು, ಶೀತಕಪಾಟಿಗೆ ವಿದ್ಯುತ್ತು, ಇಷ್ಟನ್ನಾದರೂ ಒದಗಿಸಬೇಕು. ಇವಿಲ್ಲದೆ ಒದೆ ತಿಂದು ಕೈಕಾಲು ಮುರಿದುಕೊಂಡ ಸಹಾಯಕನಿಂದ ಸೇವೆಯನ್ನು ನಿರೀಕ್ಷಿಸುವುದು ಸಲ್ಲದು. ಮೂರನೆಯದಾಗಿ, ಕಿವಿಯಲ್ಲಿ 12 ಅಂಕಿಗಳ ಓಲೆಯನ್ನು ಹಾಕಿಸಿಕೊಂಡ ಪ್ರತಿಯೊಂದು ದನದ ಲಸಿಕೆ, ಗರ್ಭಧಾರಣೆ, ಕಾಯಿಲೆಗಳ ವಿವರವನ್ನು ಶುಶ್ರೂಷಕನು ಕೇಳಿದಾಗ ಮರೆಮಾಚದೆ ಹೇಳತಕ್ಕದ್ದು. ನಾಲ್ಕನೆಯದಾಗಿ, ಸಂತೆಯಿಂದ ತಂದ ದನವನ್ನು ಮೂರು ವಾರ ಬೇರೆ ಕಟ್ಟಬೇಕೆಂದು ಅವನು ಹೇಳಿದರೆ, ಆ ನಿಯಮವನ್ನು ದೊಡ್ಡ ಮನೆಯವರೇ ಮೊದಲು ಪಾಲಿಸಿ ತೋರಿಸತಕ್ಕದ್ದು. ಹಿರಿಯರು ಪಾಲಿಸಿದ ನಿಯಮವನ್ನು ಊರು ಮೀರುವುದು ಅಪರೂಪ.

2019ರ ಆಗಸ್ಟ್ ತಿಂಗಳಲ್ಲಿ ಕೃಷ್ಣಾ ಘಟಪ್ರಭಾ ನದಿಗಳು ಉಕ್ಕಿ ಹರಿದು ದಡದ ಊರುಗಳ ಜನರು ದನಕರುಗಳೊಡನೆ ಎತ್ತರದ ಸ್ಥಳಗಳನ್ನು ಸೇರಬೇಕಾಯಿತು. ಅಂತಹ ಕಾಲದಲ್ಲಿ ನೂರಾರು ದನಗಳು ಒಂದೆಡೆ ಕೆಸರಿನಲ್ಲಿ ನಿಂತಾಗ, ಗೊರಸಿನ ಹುಣ್ಣಿನಿಂದ ಮೊದಲುಗೊಂಡು ಗಳಲೆಯವರೆಗೆ ಎಲ್ಲ ಬೇನೆಗಳಿಗೂ ಅದು ತವರಾಗುವುದು. ಒಬ್ಬ ವೈದ್ಯರು ಹಲವು ಊರುಗಳನ್ನು ನೋಡಬೇಕಾದ ಆ ದಿನಗಳಲ್ಲಿ, ಮಳೆಗಾಲಕ್ಕೆ ಮುಂಚೆಯೇ ಗಳಲೆ, ಚಪ್ಪೆ ರೋಗಗಳ ಲಸಿಕೆಯನ್ನು ಹಾಕಿಸಿಟ್ಟ ಊರು ಯಾವುದು, ಜ್ವರವಿದ್ದ ದನವನ್ನು ಬೇರ್ಪಡಿಸಿ ಸುದ್ದಿ ಕಳುಹಿಸಬಲ್ಲವರು ಇದ್ದ ಊರು ಯಾವುದು ಎಂಬುದರ ಮೇಲೆ ನಷ್ಟದ ಲೆಕ್ಕವು ನಿಲ್ಲುವುದು. ನದಿಗಳು ಮತ್ತೆ ಉಕ್ಕುವುವು. ರೋಗಗಳೂ ಮತ್ತೆ ಬರುವುವು. ಎರಡು ವರ್ಷಗಳ ಶಿಕ್ಷಣವು ನೆರೆ ಬಂದ ದಿನ ಆರಂಭಿಸತಕ್ಕದ್ದಲ್ಲ. ಬರುವ ಪ್ರವೇಶದ ಕಾಲಕ್ಕೆ ತಮ್ಮ ಊರಿನಿಂದ ಯಾರನ್ನು ಕಳುಹಿಸತಕ್ಕದ್ದೆಂಬುದನ್ನು ಗ್ರಾಮದ ಹಿರಿಯರು ಈಗಲೇ ಕೂಡಿ ಆಲೋಚಿಸಿ ನಿಶ್ಚಯಿಸುವುದು ಯುಕ್ತವು.